ಲೇಥಿಗೆ ಕೊಟ್ಟ ಗುಂಡು

ಇಪ್ಪತ್ತಾರನೆಯ ವಯಸ್ಸಿಗೆ ನಾನು ನಿವೃತ್ತಳಾದೆ. ಭುಜ ಕೈಕೊಟ್ಟಿತು, ಇನ್ನು ಗುಂಡು ಎಸೆಯಬೇಡ ಎಂದರು ಡಾಕ್ಟರು. ಪಿಂಚಣಿ ಇಲ್ಲ, ಆಗ ಸನ್ಮಾನದ ಆರು ಶಾಲುಗಳಿದ್ದವು. ಕೊಪ್ಪಳದ ಬಿಸಿಲಿನಲ್ಲಿ ಅವನ್ನು ಹೊದೆಯುವ ದಿನಕ್ಕಾಗಿ ಇನ್ನೂ ಕಾಯುತ್ತಿದ್ದೇನೆ. ಜೊತೆಗೆ ಮೈದಾನದ ಸಾಮಾನು ಕೋಣೆಯ ಗೋಡೆಯ ಮೇಲೆ ಹಳದಿ ಬಣ್ಣದ ಒಂದು ಸಾಲೂ ನನ್ನದಿತ್ತು: ಪಿಯುಸಿ ಬಾಲಕಿಯರ ಗುಂಡು ಎಸೆತ, ಜಿಲ್ಲಾ ದಾಖಲೆ.

ಆ ದಾಖಲೆಯಲ್ಲಿ ನನ್ನ ತೋಳಿನಷ್ಟೇ ಪಾಲು ಆಯುಧ ಪೂಜೆಯದೂ ಇದೆ. ಕಾಲೇಜಿನ ನಾಲ್ಕು ಕಿಲೋ ಗುಂಡು ಅಭ್ಯಾಸಕ್ಕೆಂದು ನಮ್ಮ ಮನೆಯಲ್ಲೇ ಇರುತ್ತಿತ್ತು. ಪೂಜೆಯ ಹಿಂದಿನ ದಿನ ಅದರ ತುಕ್ಕು ನೋಡಿ ಅಪ್ಪನಿಗೆ ಅವಮಾನವಾಯಿತು. ಮಗಳ ಆಯುಧ ಹೀಗಿರಬಾರದೆಂದು ಭಾಗ್ಯನಗರದಲ್ಲಿ ಕಬ್ಬಿಣ ಕಡೆಯುವ ಲೇಥ್ ಅಂಗಡಿಗೆ ಒಯ್ದರು. ಅಲ್ಲಿನ ಚಾಚಾ ಅಪ್ಪನ ಹಳೆಯ ಸ್ನೇಹಿತರು, ಕೆಲಸದಲ್ಲಿ ಒಂದು ಕಲೆ ಉಳಿದರೂ ಊಟ ಸೇರದ ಮನುಷ್ಯ.

"ಮುಖ ನೋಡ್ಕೋ ಬೇಟಿ, ಕನ್ನಡಿ ಆಗೇದ," ಎಂದು ತಾವೇ ತಂದುಕೊಟ್ಟರು. "ಕಲಿ ಹೋಗಲೇ ಇಲ್ಲ. ಸುತ್ತಲೂ ಇನ್ನೊಂದು ಕಟ್ ತಗದೆ, ಮತ್ತೊಂದು ತಗದೆ. ನಾ ಬಿಡ್ತೀನೇನು?"

ಬಿಡಲಿಲ್ಲ. ಗುಂಡಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದೆವು. ಮುಂದಿನ ವಾರ ಕುಷ್ಟಗಿಯ ಜಿಲ್ಲಾ ಕ್ರೀಡಾಕೂಟದಲ್ಲಿ ಅದೇ ಗುಂಡು ಎಸೆದು ನಾನು ಹಳೆಯ ದಾಖಲೆ ಮುರಿದೆ. ಎಸೆಯುವ ಮುನ್ನ ಗುಂಡನ್ನು ತೂಗಬೇಕೆಂಬ ನಿಯಮವಿದೆ. ಆದರೆ ತಕ್ಕಡಿ ಅಡುಗೆಯವರ ಬಳಿ ಇತ್ತು, ಉಪ್ಪಿಟ್ಟಿನ ರವೆ ತೂಗುತ್ತಿತ್ತು. ಯಾವುದು ಮುಖ್ಯವೆಂದು ಸಂಘಟಕರಿಗೆ ಗೊತ್ತಿತ್ತು. ಕಾಲೇಜಿನವರು ಆ ಗುಂಡನ್ನು ನನಗೇ ಉಡುಗೊರೆ ಕೊಟ್ಟರು. ಶಾಲೂ ಹೊದಿಸಿದರು.

ರಾಜ್ಯಮಟ್ಟದಲ್ಲಿ ಗುಂಡು ಅಲ್ಲಿನ ಸಂಘಟಕರದೇ. ಅದು ನನ್ನ ಕೈಯಿಂದ ಹೊರಟು, ಹೋಗಲು ಮನಸ್ಸಿಲ್ಲದಂತೆ ಹತ್ತಿರದಲ್ಲೇ ಬಿತ್ತು. "ಕಣ್ಣು ಬಿದ್ದೈತಿ," ಎಂದಳು ಅವ್ವ. ಐದು ಮಂಗಳವಾರ ಹುಲಿಗಿಯ ದೇವಿ ಗುಡಿಗೆ ಹೋಗಿ ಬಂದೆವು. ಹುಲಿಗೆಮ್ಮನೂ ತೂಕದ ವಿಷಯ ಎತ್ತಲಿಲ್ಲ.

ಆಮೇಲೆ ಎಂ.ಎಸ್ಸಿ. ಭೌತಶಾಸ್ತ್ರ ಓದಿದೆ. ರಜೆಯಲ್ಲಿ ಒಮ್ಮೆ ಸುಮ್ಮನೆ ಗುಂಡಿನ ಸುತ್ತಳತೆ ತೆಗೆದು ಲೆಕ್ಕ ಹಾಕಿದಾಗ ನಾಲ್ಕು ಕಿಲೋ ಬರಲಿಲ್ಲ. ಗುರುತಿನವರು ಬೇಡವೆಂದು ಗಂಗಾವತಿಯವರೆಗೆ ಬಸ್ಸಿನಲ್ಲಿ ಹೋಗಿ, ಒಂದು ಅಕ್ಕಿ ಅಂಗಡಿಯ ತಕ್ಕಡಿಯ ಮೇಲೆ ಅದನ್ನಿಟ್ಟೆ.

"ಮೂರು ಕಿಲೋ ಏಳುನೂರು," ಎಂದರು ಅಂಗಡಿಯವರು. "ಚೀಲಾ ಕೊಡ್ಲೇನ್ರಿ ಮೇಡಂ?"

ಮುನ್ನೂರು ಗ್ರಾಂ ದಾಖಲೆ ಚಾಚಾನ ಅಂಗಡಿಯ ನೆಲದ ಮೇಲೆ ಉದುರಿತ್ತು. ನಾನು ಯಾರಿಗೂ ಹೇಳಲಿಲ್ಲ. ಮಿತಭಾಷಿ ಎಂದು ನನ್ನನ್ನು ಎಲ್ಲರೂ ಹೊಗಳುತ್ತಿದ್ದರು. ಆ ಗುಣ ಕಡೆಗೂ ಉಪಯೋಗಕ್ಕೆ ಬಂತು.

ಕಳೆದ ವರ್ಷ ಕೊಪ್ಪಳದ ಕೂಟಕ್ಕೆ ನಾನೇ ಮುಖ್ಯ ಅತಿಥಿ. ಯಲಬುರ್ಗಾ ತಾಲ್ಲೂಕಿನ ಮಂಗಳೂರಿನ ಒಬ್ಬ ಹುಡುಗಿ ಬರಿಗಾಲಲ್ಲಿ ಬಂದು, ನನ್ನ ದಾಖಲೆಗೆ ನಾಲ್ಕು ಬೆರಳು ಕಡಿಮೆ ಎಸೆದಳು. ಗೆದ್ದವಳು ಅಳುತ್ತಿದ್ದಳು.

"ಫಸ್ಟ್ ಬಂದೀಯಲ್ಲ, ಅಳೂದ್ಯಾಕ?" ಎಂದೆ.

"ಹೊಸ ದಾಖಲೆ ಅಂತ ಬರದು ಕೊಟ್ರ ಕ್ರೀಡಾ ಹಾಸ್ಟೆಲ್ ಸಿಗ್ತಿತ್ರಿ ಅಕ್ಕಾರ. ಹಾಸ್ಟೆಲ್ ಸಿಕ್ರ ಡಿಗ್ರಿ. ಇಲ್ಲಂದ್ರ ಪಿಯುಸಿಗೇ ಸಾಕು ಅಂದಾನ ನಮ್ಮಪ್ಪ."

ಭಾಷಣಕ್ಕೆ ಕರೆದಾಗ ಮೈಕಿನ ಮುಂದೆ ನಿಂತು ಇದ್ದದ್ದನ್ನು ಹೇಳಿದೆ: ನನ್ನ ಗುಂಡು ಹಗುರವಿತ್ತು, ದಾಖಲೆ ನನ್ನದಲ್ಲ. ಜೋರು ಚಪ್ಪಾಳೆ. "ಎಷ್ಟು ದೊಡ್ಡ ಮನಸ್ಸು ನೋಡ್ರಿ ಇವರದು!" ಎಂದು ಸಂಘಟಕರು ಏಳನೆಯ ಶಾಲು ಹೊದಿಸಿದರು. ಈ ನಾಡಿನಲ್ಲಿ ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ.

ಅಪ್ಪನಿಗೆ ಫೋನು ಮಾಡಿದೆ. ಗುಂಡನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಬೈಕಿನಲ್ಲಿ ತಂದರು. ತಕ್ಕಡಿ ಎಂದಿನಂತೆ ಅಡುಗೆಯವರ ಬಳಿಯೇ ಇತ್ತು.

"ಏ, ರವಾ ಇಳಸ್ರೋ," ಎಂದು ಅಡುಗೆಯವನು ಕೂಗಿದ. "ಅಕ್ಕಾರ ದಾಖಲೆ ತೂಗಬೇಕಂತ!"

ವರ್ಷವರ್ಷದ ಕುಂಕುಮ ಸೇರಿ ಮೂರು ಕಿಲೋ ಏಳುನೂರಾ ಎರಡು ಗ್ರಾಂ. ಸಂಘಟಕರು ಎರಡು ಸಲ ತೂಗಿದರು. ಶಾಲು ವಾಪಸ್ ಕೇಳುವ ಯೋಚನೆಯೂ ಮುಖದಲ್ಲಿ ಕಂಡಿತು. ನನ್ನ ಎಸೆತ ರದ್ದಾಯಿತು. ನನಗಿಂತ ಹಿಂದಿನ ದಾಖಲೆಯನ್ನು ಹುಡುಗಿ ಆಗಲೇ ದಾಟಿದ್ದಳು. ಹೊಸ ದಾಖಲೆಯ ಪತ್ರವನ್ನು ಅಲ್ಲೇ ಬರೆಸಿ, ಸಹಿ ಒಣಗುವವರೆಗೆ ನಾನು ಕದಲಲಿಲ್ಲ.

ಹುಡುಗಿ ತಕ್ಕಡಿಯ ಮೇಲಿದ್ದ ಗುಂಡನ್ನೆತ್ತಿ ಅಂಗೈಯಲ್ಲಿ ಕುಣಿಸಿ ನೋಡಿದಳು. "ಭಾಳ ಹಗುರ ಐತ್ರಿ ಅಕ್ಕಾರ," ಎಂದಳು, ಯಾವ ಮುಲಾಜೂ ಇಲ್ಲದೆ.

ಅಪ್ಪ ಗುಂಡನ್ನು ಮತ್ತೆ ವಸ್ತ್ರದಲ್ಲಿ ಸುತ್ತಿ, ಬೈಕಿನ ಹತ್ತಿರ ಬಂದ ಮೇಲೆ ಮೆಲ್ಲಗೆ ಹೇಳಿದರು:

"ಚಾಚಾಗ ಮಾತ್ರ ಇದು ಗೊತ್ತಾಗಬಾರದವ್ವಾ. ಭಾಳ ಮನಸಿಗೆ ಹಚ್ಕೋತಾನ."