ಆಲೆಮನೆ ಲೈನಿನ ತಪಾಸಣೆ

ಮನುಷ್ಯ ಭೂಮಿಯ ಮೇಲೆ ಬಿಟ್ಟುಹೋಗುವ ಗುರುತುಗಳಲ್ಲಿ ರೈಲುದಾರಿಗಿಂತ ಗಂಭೀರವಾದದ್ದು ಇನ್ನೊಂದಿಲ್ಲ. ಅದು ಊರುಗಳನ್ನು ಕೂಡಿಸುತ್ತದೆ, ಬೆಟ್ಟಗಳನ್ನು ಸೀಳುತ್ತದೆ, ಕಾಲವನ್ನೇ ಗಂಟೆ ನಿಮಿಷಗಳ ಗೂಟಕ್ಕೆ ಕಟ್ಟಿಹಾಕುತ್ತದೆ. ನಮ್ಮ ರೈಲುದಾರಿ ಐದಡಿ ಉದ್ದ, ಮೂರಡಿ ಅಗಲ ಇದೆ. ನೆಂಟರು ಬಂದರೆ ಅದನ್ನು ಹಲಗೆಯ ಸಮೇತ ಮೇಜಿನಿಂದ ಇಳಿಸಿ ಮಂಚದ ಕೆಳಗೆ ತಳ್ಳಬೇಕು.

ನಮ್ಮ ಎಂದರೆ ಇಬ್ಬರದು. ಒಬ್ಬ ನಾನು, ಪಾಂಡವಪುರದಲ್ಲಿ ಮಕ್ಕಳ ಕೈಲಿ ಮಾವಿನಹಣ್ಣು, ಹೂಜಿ ಬರೆಸಿ ನಿವೃತ್ತನಾದ ಡ್ರಾಯಿಂಗ್ ಮೇಷ್ಟ್ರು. ಇನ್ನೊಬ್ಬರು ಶ್ರೀರಂಗಪಟ್ಟಣದಲ್ಲಿ ಗಡಿಯಾರ ರಿಪೇರಿ ಮಾಡುವವರು. ಊರಿಗೆಲ್ಲ ಭಾಯಿ, ನನಗೂ ಭಾಯಿ. ನಿಂತುಹೋದ ಕೈಗಡಿಯಾರ ತೋರಿಸಲು ಹೋದವನು ಅವರ ಮೇಜಿನ ಮೇಲೆ, ಬೋರಲು ಹಾಕಿದ ಗಾಜಿನ ಲೋಟದೊಳಗೆ, ಹೆಬ್ಬೆರಳಷ್ಟು ದೊಡ್ಡ ಹಿತ್ತಾಳೆ ಎಂಜಿನ್ ಕಂಡೆ. ಆಮೇಲೆ ಗಡಿಯಾರದ ಮಾತು ಇಬ್ಬರಿಗೂ ಮರೆತುಹೋಯಿತು. ಅದು ಈಗಲೂ ನಿಂತೇ ಇದೆ.

ಆ ಎಂಜಿನ್ನಿಗೆ ಒಂದು ದಾರಿ ಬೇಕಿತ್ತು. ದೊಡ್ಡ ರೈಲಿನ ದಾರಿ ನನ್ನ ಮನೆಯ ನಡುಮನೆಯಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ಕಿರಿದಾರಿ, ಅಂದರೆ ಕಬ್ಬು, ಕಲ್ಲು, ಮರ ಸಾಗಿಸುವ ಪುಟ್ಟ ರೈಲುಗಳ ನ್ಯಾರೋ ಗೇಜ್, ಎಂದು ತೀರ್ಮಾನವಾಯಿತು. ಎರಡು ಹಳಿಗಳ ನಡುವೆ ಒಂಬತ್ತು ಮಿಲಿಮೀಟರ್. ಮನುಷ್ಯರು ಅರ್ಧ ಕಿರುಬೆರಳಿನಷ್ಟು ಎತ್ತರ. ಲೈನು ಬೂಕನಕೆರೆಯ ಕೆಳಗಿನ ಒಂದು ಕಬ್ಬಿನ ಗದ್ದೆಯಲ್ಲಿ ಹೊರಟು, ಒಂದು ನಾಲೆ ದಾಟಿ, ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿ ದಂಡೆಯ ಆಲೆಮನೆಗೆ ಹೋಗಿ, ಅಲ್ಲಿಂದ ಸುತ್ತು ಹಾಕಿ ಮತ್ತೆ ಗದ್ದೆಗೆ ಬರುತ್ತದೆ. ಇಂಥ ಲೈನು ಯಾವ ಕಾಲದಲ್ಲೂ ಇರಲಿಲ್ಲ. ಇರಬೇಕಿತ್ತು ಎಂಬುದು ನಮ್ಮಿಬ್ಬರ ಖಚಿತ ಅಭಿಪ್ರಾಯ.

ಭಾಯಿಯ ಕೆಲಸ ನೋಡುತ್ತಾ ಕೂರುವುದು ಲೈನು ಕಟ್ಟಿದ ಎರಡು ವರ್ಷಗಳಲ್ಲಿ ನನ್ನ ಮುಖ್ಯ ಉದ್ಯೋಗವಾಗಿತ್ತು. ಎಂಜಿನ್ನಿನ ಹೊಟ್ಟೆಯೊಳಗೆ ಕೆಟ್ಟ ಸಿಡಿ ಪ್ಲೇಯರಿನ ಮೋಟಾರು, ಅದರಿಂದ ಚಕ್ರಕ್ಕೆ ಮೂರು ಹಲ್ಲುಗಾಲಿ. ಆ ಮೂರೂ ಹಿಂದೊಮ್ಮೆ ಯಾರ ಯಾರನ್ನೋ ಬೆಳಗಿನ ಜಾವ ಎಬ್ಬಿಸುತ್ತಿದ್ದ ಅಲಾರಂ ಗಡಿಯಾರಗಳಿಂದ ಬಂದವು. ಹಿತ್ತಾಳೆ ತಗಡಿನ ಹಿಂಭಾಗದಿಂದ ಸೂಜಿಮೊನೆ ಒತ್ತಿ ಒತ್ತಿ ಮುಂಭಾಗದಲ್ಲಿ ರಿವೆಟ್ಟಿನ ಸಾಲು ಎಬ್ಬಿಸಿದ್ದರು. ಎಣಿಸಲು ಹೋಗಿ ನನ್ನ ಕಣ್ಣಲ್ಲಿ ನೀರು ಬಂತು. ಬಂಡಿಗಳನ್ನು ಒಂದಕ್ಕೊಂದು ಸೇರಿಸುವ ಕೊಂಡಿಗಾಗಿ ನಾಲ್ಕು ದಿನ ತೆಗೆದುಕೊಂಡರು. ಮೊದಲ ಮೂರು ದಿನ ಮಾಡಿ ಎಸೆದ ಕೊಂಡಿಗಳೂ ನನಗೆ ಸರಿಯಾಗಿಯೇ ಕಂಡಿದ್ದವು. ಹಾಗೆಂದಾಗ ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ನನ್ನತ್ತ ತಿರುಗಿ, ಮೇಷ್ಟ್ರಿಗೆ ಕನ್ನಡಕದ ನಂಬರು ಬದಲಾಗಿರಬೇಕು ಎಂದರು.

ಹಳಿ, ಎಂಜಿನ್, ವಿದ್ಯುತ್ತು ಅವರ ಪಾಲು. ನೆಲ, ಜಲ, ಬೆಳೆ, ಕಟ್ಟಡ ನನ್ನ ಪಾಲು. ನಾಗಮಂಗಲದ ಕಡೆಯ ಕ್ರಷರಿನಿಂದ ಕಲ್ಲುಪುಡಿ ತಂದು, ಹಿಟ್ಟಿನ ಜರಡಿಯಲ್ಲಿ ಸೋಸಿ ಹಳಿಯಡಿಗೆ ಜಲ್ಲಿ ಮಾಡಿದೆ. ಜರಡಿಯ ವಿಷಯ ನನ್ನ ಹೆಂಡತಿಗೆ ಮೂರನೆಯ ದಿನ ತಿಳಿಯಿತು. ಪೊರಕೆಕಡ್ಡಿ ಕತ್ತರಿಸಿ ಕಬ್ಬು ನೆಟ್ಟೆ. ಭಾಯಿ ಕೊಟ್ಟ ಹಳೆಯ ಗಡಿಯಾರದ ಬೆನ್ನುಮುಚ್ಚಳ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯಾಯಿತು. ಎಷ್ಟು ಸರಿಯಾದ ಅಳತೆ ಎಂದರೆ, ಗಡಿಯಾರ ಮಾಡಿದವನು ಆಲೆಮನೆಯ ಉದ್ದೇಶದಿಂದಲೇ ಮಾಡಿದ್ದನೋ ಎನ್ನಿಸುವಂತಿತ್ತು.

ಎಲ್ಲ ಮುಗಿಯುತ್ತ ಬಂದಾಗ ಭಾಯಿ ಒಂದು ನಿಬಂಧನೆ ಹಾಕಿದರು. ರಿಪೇರಿ ಮಾಡಿದವನೇ ಗಡಿಯಾರ ಸರಿಯಾಗಿದೆ ಎಂದರೆ ಅದು ಸಾಕ್ಷಿಯಲ್ಲ. ಲೈನನ್ನು ಬಲ್ಲವರೊಬ್ಬರು ನೋಡಿ ಪಾಸು ಮಾಡಬೇಕು. ಮಾಡದಿದ್ದರೆ ಎಂಜಿನ್ ಬಿಚ್ಚಿ ಹಲ್ಲುಗಾಲಿಗಳನ್ನು ಡಬ್ಬಿಗೆ ಹಾಕಿಬಿಡುವುದು. ಇದು ಬಾಯಿಮಾತಲ್ಲ. ಆರು ತಿಂಗಳು ಕೂತು ಕಟ್ಟಿದ ಒಂದು ಗೋಡೆ ಗಡಿಯಾರ ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆಂದು ಅವರು ಒಂದೇ ಮಧ್ಯಾಹ್ನದಲ್ಲಿ ಬಿಚ್ಚಿ ಹಾಕಿದ್ದನ್ನು ನಾನೇ ನೋಡಿದ್ದೇನೆ. ಜೀವನವೆಲ್ಲ ಬೇರೆಯವರ ಗಡಿಯಾರ ಸರಿಮಾಡಿದ ಮನುಷ್ಯ ತನ್ನದೇ ಎಂದು ಮಾಡಿಕೊಂಡದ್ದು ಆ ಎಂಜಿನ್ ಒಂದೇ.

ಬಲ್ಲವರು ಎಂದರೆ ನನ್ನ ಅಣ್ಣ. ಅಕ್ಕಿಹೆಬ್ಬಾಳಿನವನು, ರೈಲ್ವೆಯಲ್ಲಿ ಗ್ಯಾಂಗ್ ಮೇಸ್ತ್ರಿಯಾಗಿದ್ದವನು. ಬಿಸಿಲು ಮಳೆ ಎನ್ನದೆ ಹಳಿಯ ಮೇಲೆ ನಡೆದು, ಎಲ್ಲಿ ಸಡಿಲ, ಎಲ್ಲಿ ಕುಸಿತ ಎಂದು ಕಂಡುಹಿಡಿದು ಸರಿಮಾಡಿಸುವ ಕೆಲಸ. ಮದುವೆ ಮಾತುಕತೆಯಲ್ಲಿ, ಜಮೀನಿನ ಗಡಿಯಲ್ಲಿ ಅವನು ಸುಳ್ಳು ಹೇಳಬಲ್ಲ. ಹಳಿಯ ವಿಷಯದಲ್ಲಿ ಹೇಳಿದ್ದು ನಾನು ಕೇಳಿಲ್ಲ.

ಅಣ್ಣ ಅದಕ್ಕೂ ಮುಂಚೆ ಒಮ್ಮೆ ಬಂದಾಗ, ಅರ್ಧ ಆಗಿದ್ದ ಆಲೆಮನೆಯಲ್ಲಿ ನಾನು ಮರದ ಚೂರಿಗೆ ಬಣ್ಣ ಬಳಿದು ಜೋಡಿಸಿದ್ದ ಬೆಲ್ಲ ನೋಡಿದ್ದ.

"ಏನ್ಲಾ ಇದು, ಬೆಲ್ಲವಾ? ಇಟ್ಟಿಗೆ ಗೂಡಿಂದ ತಂದಂಗೈತೆ."

ಮಂಡ್ಯ ಸೀಮೆಯಲ್ಲಿ ಹುಟ್ಟಿದವನಿಗೆ ಬೆಲ್ಲ ಗೊತ್ತಿಲ್ಲ ಎಂದರೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಕೆಂಪು ಸೇರಿಸಿದೆ, ಹಳದಿ ಸೇರಿಸಿದೆ, ಕಾಫಿಪುಡಿಯನ್ನೂ ಸೇರಿಸಿದೆ. ಪ್ರತಿಸಲವೂ ಇಟ್ಟಿಗೆಯೇ ಬಂತು. ತಪಾಸಣೆಯ ಹಿಂದಿನ ದಿನ, ಭಾಯಿ ಬಸ್ಸು ಹತ್ತಿ ಹೋದ ಮೇಲೆ, ಕಲೆಯ ಇತಿಹಾಸದಲ್ಲೇ ಅತ್ಯಂತ ಸರಳವಾದ ಪರಿಹಾರ ನನಗೆ ಹೊಳೆಯಿತು: ಅಡುಗೆಮನೆಯಿಂದ ನಿಜವಾದ ಬೆಲ್ಲ ತಂದೆ. ಎಳ್ಳಿನಷ್ಟು ಚೂರು ಮಾಡಿ ಆರು ಬಂಡಿಗೆ ತುಂಬಿದೆ. ಸ್ವಲ್ಪ ಪಾಕ ಕಾಯಿಸಿ ಕೊಪ್ಪರಿಗೆಗೆ ಹೊಯ್ದೆ. ಹೊಳೆಯುತ್ತಿತ್ತು. ಇಬ್ಬರಿಗೂ ಆಶ್ಚರ್ಯವಾಗಲಿ ಎಂದು ಇಡೀ ಸೀಮೆಗೆ ಒಂದು ಹಳೆಯ ಸೀರೆ ಹೊದಿಸಿ ಮಲಗಿದೆ. ಜಡಿಮಳೆ ಹಿಡಿದು ಮೂರು ದಿನವಾಗಿತ್ತು ಎಂಬುದನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಜೀವಮಾನವೆಲ್ಲ ರೈಲು ಕಾದ ಅಣ್ಣ ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿಕೊಂಡು ಬಂದ. ಕಾಲು ತೊಳೆದ. ಕಾಫಿ ಬೇಡ, ಮೊದಲು ಲೈನು ಎಂದ. ಭಾಯಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಟೋಪಿ ಸರಿಮಾಡಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ನಾನು ಸೀರೆ ಸರಿಸಿದೆ. ಅಣ್ಣ ಬೆಲ್ಲದ ಕಡೆ ನೋಡಲೇ ಇಲ್ಲ. ಮಂಡಿಯೂರಿ, ಹಲಗೆಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ಹಳಿಯುದ್ದಕ್ಕೂ ದೃಷ್ಟಿ ಹರಿಸಿದ. ಉಗುರಿನಿಂದ ಒಂದೊಂದು ಸಂದನ್ನೂ ತಡವಿದ. ಒಂಬತ್ತು ಮಿಲಿಮೀಟರಿನ ದಾರಿಯನ್ನು, ಅದರ ಮೇಲೆ ನಾಳೆ ಸಾವಿರ ಜನ ಹೋಗುವವರಿದ್ದಾರೆ ಎಂಬಂತೆ ನೋಡಿದ. ನನ್ನ ಅಣ್ಣ ಇಷ್ಟು ವರ್ಷ ಏನು ಕೆಲಸ ಮಾಡಿಕೊಂಡಿದ್ದ ಎಂಬುದು ನನಗೆ ಅವತ್ತು ತಿಳಿಯಿತು.

ಓಡಿಸಿ ಎಂಬಂತೆ ಕೈ ಮಾಡಿದ. ಎಂಜಿನ್ ಒಂಟಿಯಾಗಿ ಒಂದು ಸುತ್ತು ಬಂತು. ಆಲೆಮನೆಯ ಒಳದಾರಿಗೆ ಹೋಗಿ ಬೆಲ್ಲದ ಬಂಡಿಗಳನ್ನು ಸಿಕ್ಕಿಸಿಕೊಂಡು ಹೊರಗೆ ಬಂತು. ನಾಲೆಯ ಸೇತುವೆಗೆ ಒಂದು ಗೇಣು ಇರುವಾಗ ನಿಂತುಹೋಯಿತು. ಭಾಯಿ ಬೆರಳಿನಿಂದ ತಳ್ಳಿದರು. ಎರಡಂಗುಲ ಹೋಗಿ ಮತ್ತೆ ನಿಂತಿತು. ಭಾಯಿ ಜೇಬಿನಿಂದ ಚಿಕ್ಕ ಸ್ಕ್ರೂಡ್ರೈವರ್ ತೆಗೆದರು.

"ಗೇರ್‌ದೇ ತಪ್ಪು, ಮೇಷ್ಟ್ರೇ. ಬಿಚ್ತೀನಿ, ಬುಡಿ."

ಹಲಗೆಯ ಮೇಲೆ ಇನ್ನೂ ಕೆನ್ನೆ ಇಟ್ಟುಕೊಂಡಿದ್ದ ಅಣ್ಣ ಅಲ್ಲಿಂದಲೇ ಹೇಳಿದ: "ತಡೀರಿ. ನಿಮ್ಮ ಲೈನ್ ಮ್ಯಾಲೆ ಜನ ಓಡಾಡ್ತಾವ್ರೆ."

ಬಗ್ಗಿ ನೋಡಿದೆ. ಬಂಡಿಗಳು ಕದಲಿದ್ದೇ ತಡ, ಆಲೆಮನೆಯ ಚಾವಣಿಯ ಕೆಳಗಿನಿಂದ ಹೊರಟ ಇರುವೆಗಳ ಸಾಲು ಹಳಿ ಹಿಡಿದು, ತಿರುವಿನಲ್ಲಿ ಶಿಸ್ತಾಗಿ ತಿರುಗಿ, ಮೇಜಿನ ಕಾಲಿನಲ್ಲಿ ಇಳಿಯುತ್ತಿತ್ತು. ಥಂಡಿಗೆ ಬೆಲ್ಲ ರಾತ್ರಿಯೆಲ್ಲ ನೀರೊಡೆದು, ಬಂಡಿಗಳಿಂದ ತೊಟ್ಟಿಕ್ಕಿ, ಚಕ್ರಕ್ಕೂ ಒಳದಾರಿಯ ಹಳಿಗೂ ಮೆತ್ತಿಕೊಂಡಿತ್ತು. ಎಂಜಿನ್ನಿಗೆ ವಿದ್ಯುತ್ತು ಬರುವುದು ಹಳಿಯಿಂದ ಚಕ್ರದ ಮೂಲಕ. ನಡುವೆ ಅಂಟು ಕೂತರೆ ಅದು ಬರಿಯ ಹಿತ್ತಾಳೆ. ಭಾಯಿ ಆಗಲೇ ಮೊದಲ ತಿರುಪಿಗೆ ಸ್ಕ್ರೂಡ್ರೈವರ್ ಇಟ್ಟಿದ್ದರು. ನಾನು ಅವರ ಕೈ ಹಿಡಿದು, ನಿಜವಾದ ಬೆಲ್ಲ ಹಾಕಿದವನು ನಾನು ಎಂದು ಒಪ್ಪಿಕೊಂಡೆ. ಮೂವತ್ತು ವರ್ಷ ಮಕ್ಕಳ ತಪ್ಪೊಪ್ಪಿಗೆ ಕೇಳಿದ ನನಗೆ, ಅದನ್ನು ಹೇಳುವವನ ಬಾಯಿ ಎಷ್ಟು ಒಣಗುತ್ತದೆಂದು ಗೊತ್ತಿರಲಿಲ್ಲ.

ಭಾಯಿ ನನ್ನನ್ನು ನೋಡಲಿಲ್ಲ. ಅಣ್ಣನ ಕಡೆ ತಿರುಗಿದರು.

"ಕಾರಣ ಏನಾದ್ರೂ ಇರ್ಲಿ ಅಣ್ಣಾ, ಗಾಡಿ ನಿಂತಿದ್ದು ನಿಂತಿದ್ದೇ. ಪಾಸಾ, ಫೇಲಾ? ಮುಲಾಜು ಬ್ಯಾಡ."

ಅಣ್ಣ ಎದ್ದು ಪಂಚೆ ಕೊಡವಿಕೊಂಡ.

"ದಾರಿ ಮ್ಯಾಲೆ ಎಮ್ಮೆ ಮಲಗಿದ್ರೆ ದಾರಿ ಕೆಟ್ಟೋಗೈತೆ ಅಂತ ಯಾರಾದ್ರೂ ಬರೀತಾರಾ ಭಾಯಿ? ಎಮ್ಮೆ ಯಾರ್ದು ಅಂತ ಬರೀತಾರೆ."

ಅಷ್ಟು ಹೇಳಿ ಎಮ್ಮೆಯ ಯಜಮಾನನನ್ನು ಚೆನ್ನಾಗಿ ನೋಡಿದ. ಆಮೇಲೆ ಲೈನು ಮುಚ್ಚಿ ದುರಸ್ತಿಗೆ ಆಜ್ಞೆ ಮಾಡಿದ. ಭಾಯಿ ಹತ್ತಿಗೆ ಸ್ಪಿರಿಟ್ ಹಚ್ಚಿಕೊಂಡು ಹಳಿಯ ಒಂದೊಂದು ಅಂಗುಲವನ್ನೂ ಒರೆಸಿದರು. ಬಂಡಿ ಖಾಲಿ ಮಾಡುವುದು, ಇರುವೆಗಳನ್ನು ನೋವಾಗದಂತೆ ಹಿತ್ತಿಲಿಗೆ ಸಾಗಿಸುವುದು ನನಗೆ ಬಂತು. ಕೊಪ್ಪರಿಗೆಯ ಪಾಕವನ್ನು ಅಣ್ಣ ಬೆರಳಲ್ಲಿ ತೆಗೆದು ಬಾಯಿಗಿಟ್ಟು, ಬೆಲ್ಲದಲ್ಲಿ ತಪ್ಪಿಲ್ಲ ಎಂದ.

ಅಣ್ಣ ಮತ್ತೆ ಕೆನ್ನೆ ಹಲಗೆಗೆ ಒತ್ತಿದ. ಈ ಸಲ ಅವನಿಗೆ ನಿಜವಾದ ಕುಂದೊಂದು ಸಿಕ್ಕಿತು: ತಿರುವಿನಲ್ಲಿ ಕೊನೆಯ ಬಂಡಿ ಹೊರಕ್ಕೆ ವಾಲುತ್ತಿತ್ತು. ತಿರುವಿನಲ್ಲಿ ಹೊರಗಿನ ಹಳಿ ಕೂದಲೆಳೆಯಷ್ಟಾದರೂ ಎತ್ತರ ಇರಬೇಕಂತೆ. ಭಾಯಿಗೆ ಇದು ಗೊತ್ತಿರಲಿಲ್ಲ. ಗಡಿಯಾರದಲ್ಲಿ ಯಾವ ಚಕ್ರವೂ ತಿರುವು ತೆಗೆದುಕೊಳ್ಳುವುದಿಲ್ಲ. ಅಣ್ಣ ಅಂಗಿಯ ಜೇಬಿನಿಂದ ಕೆ.ಆರ್. ಪೇಟೆಯ ಬಸ್ ಟಿಕೆಟ್ ತೆಗೆದು, ಉದ್ದಕ್ಕೆ ಮಡಿಸಿ ಕೊಟ್ಟ. ಭಾಯಿ ಅದನ್ನು ಚಿಮಟದಲ್ಲಿ ಹಿಡಿದು ಹೊರಗಿನ ಹಳಿಯಡಿಗೆ ಸೇರಿಸಿದರು. ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ಅದನ್ನು ಎರಡು ಸಲ ತೆಗೆದರು, ಮೂರು ಸಲ ಹಾಕಿದರು. ನಾನು ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದೆ. ಇಬ್ಬರು ಬಲ್ಲವರು ಕೆಲಸದಲ್ಲಿ ಮುಳುಗಿರುವಾಗ ಡ್ರಾಯಿಂಗ್ ಮೇಷ್ಟ್ರು ಮಾಡಬಹುದಾದ ಒಳ್ಳೆಯ ಕೆಲಸ ಅದೊಂದೇ.

ಖಾಲಿ ಬಂಡಿಗಳೊಂದಿಗೆ ಎಂಜಿನ್ ಹತ್ತು ಸುತ್ತು ಬಂತು. ಅಣ್ಣ ಬೆರಳ ಗೆಣ್ಣಿನಲ್ಲಿ ಎಣಿಸಿದ. ಹತ್ತನೆಯದು ಮುಗಿದಾಗ, ಗಾಡಿ ಬುಡ್ಬೋದು ಎಂದಷ್ಟೇ ಹೇಳಿ ಕಾಫಿ ಕೇಳಿದ.

ಭಾಯಿ ಎಂಜಿನ್ ಬಿಚ್ಚಲಿಲ್ಲ. ಅದು ಭಾನುವಾರ ಬೆಳಿಗ್ಗೆ ಓಡುತ್ತದೆ. ಬಂಡಿಗಳಲ್ಲಿ ಈಗ ಇರುವುದು ಬಣ್ಣ ಬಳಿದ ಮರದ ಚೂರು.