ತೂತು ಮಾಡಿದ ಡಬ್ಬ

ಇಂಜಿನ್ ಎಣ್ಣೆಯ ಖಾಲಿ ಡಬ್ಬಕ್ಕೆ ಮೊಳೆ ಹೊಡೆದು ತೂತು ಮಾಡದೆ ನಾನು ಗ್ಯಾರೇಜಿನಿಂದ ಎದ್ದು ಬಂದವಳಲ್ಲ. ಇದಕ್ಕೆ ಮದ್ದೂರಿನ ಜನ ನನ್ನನ್ನು ಏನೇನೋ ಅಂದರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅಂದುಕೊಳ್ಳಲಿ ಎಂದು ಬಿಟ್ಟೆ. ಮೊಳೆ ಮಾತ್ರ ಬಿಡಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಪೆಟ್ರೋಲಿನ ಬೆಲೆ ಏರಿ ಬಾಡಿಗೆ ಕಾರಿನವರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ನಮ್ಮ ಯಜಮಾನರು ತಮ್ಮ ಹಳೆಯ ಕಾರಿಗೆ ಡೀಸೆಲ್ ಇಂಜಿನ್ ಕೂರಿಸಿದರು. ಆ ಇಂಜಿನ್ನಿಗೆ ಅದರದೇ ಎಣ್ಣೆ ಆಗಬೇಕು, ಸಿಕ್ಕಿದ್ದನ್ನು ಸುರಿದರೆ ಒಳಗೆ ಮಸಿ ಕಟ್ಟಿ ಹಿಡಿದುಕೊಳ್ಳುತ್ತದೆ ಎಂದು ನನಗೂ ತಿಳಿಸಿ ಹೇಳಿದ್ದರು. ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ ಮೇಲೆ ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಬೆರಳಲ್ಲಿ ಉಜ್ಜಿ ನೋಡುವುದು ನನ್ನ ಪಾಲಿನ ಕೆಲಸ.

ಡಬ್ಬ ತೂತು ಮಾಡುವುದನ್ನು ಕಲಿಸಿದವರೂ ಅವರೇ. ನಮ್ಮ ಕಡೆ ಯಾರೂ ಡಬ್ಬ ಎಸೆಯುವುದಿಲ್ಲ. ಬಚ್ಚಲಲ್ಲಿ ನೀರು ಮೊಗೆಯಲು, ರಾಗಿ ಅಳೆಯಲು, ತುಳಸಿ ನೆಡಲು, ಎಲ್ಲಕ್ಕೂ ಡಬ್ಬವೇ. ಗ್ಯಾರೇಜಿನಲ್ಲಿ ಉಳಿದ ಡಬ್ಬದ ಕಥೆ ಬೇರೆ. ಯಾರದೋ ಗಾಡಿಯಿಂದ ಇಳಿಸಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಅದರಲ್ಲಿ ತುಂಬಿ, ಮುಚ್ಚಳಕ್ಕೆ ಬೆಸುಗೆ ಹಾಕಿ, ಹೊಸದೆಂದು ಮಾರುವವರಿದ್ದರು. ತೂತು ಬಿದ್ದ ಡಬ್ಬಕ್ಕೆ ಆ ಭಾಗ್ಯವಿಲ್ಲ.

ಯಜಮಾನರು ಜ್ವರದಲ್ಲಿ ಹೋಗಿಬಿಟ್ಟರು. ಕಾರು ಉಳಿಯಿತು, ಅವರಿದ್ದಾಗಿನ ಡ್ರೈವರು ಉಳಿದ. ತಿಥಿ ಮುಗಿದ ಮೇಲೆ ಭಾವ, ಅಂದರೆ ಅವರ ಅಣ್ಣ, ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟರು.

"ಎಂಗುಸ್ರು ಕಾರು ಸಾಕಕ್ಕಾದದಾ? ರೋಡಲ್ಲಿ ಒಂದ್ಸಲ ನಿಂತ್ರೂ ಸೈ, ಮಾರ್ಬುಡ್ತೀನಿ. ನೀನು ಅನಕೆರೆಗೋಗಿ ನಿಮ್ಮಣ್ಣನ ಮನೇಲಿರು."

ನನಗೆ ಮೈಯೆಲ್ಲ ಉರಿದುಹೋಯಿತು. ತವರು ಹಬ್ಬಕ್ಕೆ ಚೆನ್ನ. ದಿನಾ ಅತ್ತಿಗೆಯ ಮುಖ ನೋಡಿಕೊಂಡು ತಟ್ಟೆಗೆ ಕೈ ಹಾಕುವ ಬಾಳು ನನಗೆ ಬೇಡವಾಗಿತ್ತು. ಈ ಕಾರು ಓಡಿದರೆ ನನ್ನ ಅನ್ನ ನನ್ನದು. ಬಾಗಿಲ ಹಿಂದೆ ನಿಂತೇ "ಆಗ್ಲಿ ಭಾವ" ಅಂದೆ.

ಒಂದು ದಿನ ಡ್ರೈವರು ಮಳವಳ್ಳಿಯಿಂದ ಬೆವತುಕೊಂಡು ಬಂದ. "ಎಣ್ಣೆ ಕೆಟ್ಟದೆ ಅನ್ನೋ ಕೆಂಪು ದೀಪ ಅತ್ಕಂಡ್ಬುಡ್ತು ಕಣಕ್ಕ. ಇಲ್ಲೇ ನಿಂತೋಯ್ತದೆ ಅಂತ ಜೀವ ಕೈಲಿಡ್ಕಂಡ್ ಬಂದೆ."

ಕಡ್ಡಿ ಎಳೆದು ನೋಡಿದೆ. ಎಣ್ಣೆ ನೀರಿನಂತೆ ತೆಳ್ಳಗಿತ್ತು, ಬೆರಳಿಗೆ ಮರಳು ಸಿಕ್ಕಿತು. ಅವತ್ತು ಬೆಳಿಗ್ಗೆ ನಾನು ನೋಡಿದ ಮೇಲೆ ಭಾವ ತಮ್ಮ ಸ್ನೇಹಿತನ ಗ್ಯಾರೇಜಿನಲ್ಲಿ ಎಣ್ಣೆ ಬದಲಾಯಿಸಿದ್ದರು. ಚಪ್ಪಲಿ ಮೆಟ್ಟಿಕೊಂಡು ಕಾರು ಹತ್ತಿ ಅಲ್ಲಿಗೇ ಹೋದೆ.

"ಒಸಾ ಎಣ್ಣೆನೇ ಕಣವ್ವ, ನಿಮ್ಮ ಭಾವನೇ ನಿಂತು ಆಕ್ಸವ್ರೆ" ಅಂದ ಮೇಸ್ತ್ರಿ.

"ಡಬ್ಬ ತೋರ್ಸು."

ತೋರಿಸಿದ. ಪಕ್ಕ ಜಜ್ಜಿತ್ತು. ಮುಚ್ಚಳದ ತುಕ್ಕಿನ ಮೇಲೆ ಬೆಸುಗೆ ಫಳಫಳ ಹೊಳೆಯುತ್ತಿತ್ತು.

"ಒಸಾ ಡಬ್ಬಕ್ಕೆ ತುಕ್ಕು ಎಲ್ಲಿಂದ್ ಬಂತು?"

ಮೇಸ್ತ್ರಿ ಡಬ್ಬವನ್ನು ಕಾಲಿನಿಂದ ಮೂಲೆಗೆ ತಳ್ಳಿದ. ಬೀಡಿ ಸೇದುತ್ತಿದ್ದವರೆಲ್ಲ ನನ್ನನ್ನೇ ನೋಡಿದರು. ನೋಡಲಿ. ಡ್ರೈವರನ್ನು ಅಂಗಡಿಗೆ ಅಟ್ಟಿ ಸೀಲಿನ ಡಬ್ಬ ತರಿಸಿದೆ. ಒಂದು ಹಳೇ ಟೈರಿನ ಮೇಲೆ ಕೂತು, ಒಳಗಿದ್ದುದೆಲ್ಲ ಕೊನೆಯ ತೊಟ್ಟಿನವರೆಗೆ ಇಳಿಯುವುದನ್ನು ಕಾದೆ. ಹೊಸ ಎಣ್ಣೆ ನನ್ನ ಕಣ್ಣೆದುರೇ ಬಿತ್ತು. ಆಮೇಲೆ ಖಾಲಿಯಾದ ಆ ಹೊಸ ಡಬ್ಬವನ್ನು ಬೋರಲು ಹಾಕಿ, ಮೊಳೆ ಇಟ್ಟು, ಕಲ್ಲಿನಿಂದ ಹೊಡೆದೆ.

"ಅಯ್ಯೋ, ಒಳ್ಳೇ ಡಬ್ಬ ಆಳ್ ಮಾಡ್ಬುಟ್ಯಲ್ಲವ್ವ!" ಅಂದ ಮೇಸ್ತ್ರಿ.

"ಇಂಜಿನ್ ಆಳಾಗೋದ್ಕಿಂತ ವಾಸಿ."

ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಭಾವ ಕೆಂಡವಾಗಿದ್ದರು. "ಗಂಡಸ್ರ ಮಧ್ಯೆ ಟೈರ್ ಮೇಲೆ ಕುಂತಿದ್ಯಂತೆ? ಮನೆ ಮಾನ ಕಳುದ್ಯಲ್ಲ! ಎಣ್ಣೆ ಎಣ್ಣೆನೇ ಕಣಮ್ಮ, ಅದ್ರಲ್ಲೇನು ಭೇದ?"

"ಅಂಗಾರೆ ನಾಳೆ ಸಾರಿಗೆ ಅರಳೆಣ್ಣೇಲಿ ಒಗ್ಗರಣೆ ಆಕ್ಬುಡ್ಲಾ ಭಾವ?" ಅಂದೆ.

ಅವತ್ತು ಅವರು ನಮ್ಮ ಮನೆಯಲ್ಲಿ ಊಟ ಮಾಡದೆ ಹೋದರು. ನಾನು ಹೊಟ್ಟೆ ತುಂಬ ಉಂಡೆ.

ಅಲ್ಲಿಂದ ಮುಂದೆ ಎಣ್ಣೆ ಬದಲಾಯಿಸುವ ದಿನವೆಲ್ಲ ಸೆರಗಿನ ತುದಿಗೆ ಮೊಳೆ ಕಟ್ಟಿಕೊಂಡು ಹೋಗುತ್ತಿದ್ದೆ. ಬೇರೆ ಗ್ಯಾರೇಜು, ಅಲ್ಲೂ ಒಂದು ಟೈರು, ಒಂದು ಕಲ್ಲು. ವೈದ್ಯನಾಥಪುರಕ್ಕೆ ಪೂಜೆಯವರು, ಮಂಡ್ಯದ ಆಸ್ಪತ್ರೆಗೆ ಬಸುರಿಯರು, ಮಳವಳ್ಳಿಗೆ ಹೆಣ್ಣು ನೋಡುವವರು, ಎಲ್ಲರನ್ನೂ ಹೊತ್ತು ಕಾರು ಓಡಿತು. ಕೆಂಪು ದೀಪ ಮತ್ತೆ ಹೊತ್ತಲಿಲ್ಲ.

ಕಾರು ಚೆನ್ನಾಗಿದ್ದುದೇ ತಪ್ಪಾಯಿತು. ಒಳ್ಳೇ ಬೆಲೆ ಬರುತ್ತದೆಂದು ಭಾವ ಒಂದು ಬೆಳಿಗ್ಗೆ ಮಂಡ್ಯದವರೊಬ್ಬರನ್ನು ಕರೆತಂದರು. ನನಗೊಂದು ಮಾತು ಹೇಳಿರಲಿಲ್ಲ. ಬಂದವರು ಇಂಜಿನ್ ಸ್ಟಾರ್ಟ್ ಮಾಡಿಸಿ, ಕಿವಿಗೊಟ್ಟು ಕೇಳಿ, "ಗಡಿಯಾರದಂಗದಲ್ಲ! ಯಾವ ಎಣ್ಣೆ ಆಕಿಸ್ತೀರಿ?" ಅಂದರು.

ಭಾವ ಬಾಗಿಲ ಕಡೆ ತಿರುಗಿ, "ಏನವ್ವಾ, ಯಾವ ಎಣ್ಣೆ?" ಅಂದರು.

ನಾನು ಬಾಗಿಲ ಹಿಂದಿನಿಂದ ಅಂಗಳಕ್ಕೆ ಬಂದೆ. ಇಬ್ಬರ ನಡುವೆ ಹಾದು ಹೋಗಿ ಕಡ್ಡಿ ಎಳೆದು ಬಂದವರ ಕೈಗೆ ಕೊಟ್ಟೆ.

"ಡೀಸೆಲ್ ಇಂಜಿನ್ನಿಗೆ ಅದರದೇ ಎಣ್ಣೆ. ಸೀಲು ನನ್ನ ಮುಂದೆ ಒಡೀತಾರೆ" ಅಂದು ಭಾವನ ಕಡೆ ತಿರುಗಿದೆ. "ಭಾವ, ರೋಡಲ್ಲಿ ಒಂದ್ಸಲ ನಿಂತ್ರೆ ಮಾರ್ತೀನಿ ಅಂದಿದ್ರಿ. ನಾನೂ ಆಗ್ಲಿ ಅಂದಿದ್ದೆ. ನಿಂತಿಲ್ಲ. ನಿಂತ ದಿನ ಇವ್ರನ್ನ ಕರ್ಕಬನ್ನಿ."

ಬಂದವರು ಕಡ್ಡಿಯನ್ನು ನೋಡಿದರು, ನನ್ನನ್ನು ನೋಡಿದರು. "ಈವಮ್ಮ ಇರೋಗಂಟ ಇದು ನಿಲ್ಲಾಕಿಲ್ಲ ಬುಡಿ" ಎಂದು ನಕ್ಕು ಚಪ್ಪಲಿ ಮೆಟ್ಟಿಕೊಂಡರು. ಭಾವ ಟವೆಲ್ ಕೊಡವಿ ಅವರ ಹಿಂದೆ ನಡೆದರು.

ನಾನು ಕಡ್ಡಿ ಒರೆಸಿ ಅದರ ಜಾಗಕ್ಕೆ ಸಿಕ್ಕಿಸಿ ಬಾನೆಟ್ ಇಳಿಸಿದೆ. ಡ್ರೈವರು ಸ್ಟೇರಿಂಗ್ ಹಿಡಿದು, ಮಳವಳ್ಳಿಗೆ ಹೋಗುವವರು ಕಾಯುತ್ತಿದ್ದಾರೆ ಎಂದ.

"ನಡಿ ಮತ್ತೆ" ಅಂದೆ.