ರೊಟ್ಟಿಯಷ್ಟು ಚಂದ್ರ

“ಚಂದ್ರ ಕೇವಢಾ?”

ಪುಣೆಗೆ ಬಂದ ಮೂರನೇ ದಿನ, ನಾನು ಕೆಲಸಕ್ಕೆ ಸೇರಿದ್ದ ಚಸ್ಮಾ ಅಂಗಡಿಯಲ್ಲಿ ಗಾಜು ತಿಕ್ಕುವ ಮುದುಕರೊಬ್ಬರು ನನ್ನನ್ನು ಕೇಳಿದ್ದು ಇದು. ಚಂದ್ರ ಎಷ್ಟು ದೊಡ್ಡದು ಅಂತ. ಯಾವ ಊರು, ಯಾರ ಮಗ, ಒಂದೂ ಕೇಳಲಿಲ್ಲ. ದುರ್ಬೀನು ಮಾಡುವ ಹುಚ್ಚು ನನಗಿದೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ನಾನು ಗೇಣು ಚಾಚಿ ತೋರಿಸಿದೆ. ಅಂಗಡಿಯವರು ನಕ್ಕರು.

ನಮ್ಮ ಮುರಗೋಡದಲ್ಲಿ ಆಕಾಶವನ್ನು ಮಾರು, ಗೇಣುಗಳಲ್ಲೇ ಅಳೆಯುತ್ತೇವಲ್ಲ. ‘ಹೊತ್ತು ಮಾರುದ್ದ ಏರೇತಿ’ ಅಂದರೆ ಅಲ್ಲಿ ಯಾರೂ ನಗುವುದಿಲ್ಲ. ಇಲ್ಲಿ ಅವರ ಜೊತೆ ನಾನೂ ನಕ್ಕು, ನಮ್ಮ ಕಡೆಯ ಜನ ಹಾಗೇ, ತಿಳಿಯದವರು ಎಂದು ಹರಕು ಮರಾಠಿಯಲ್ಲಿ ಹೇಳಿದೆ.

ನಗದೆ ಇದ್ದವರು ಆ ಮುದುಕರೊಬ್ಬರೇ. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಸಂಜೆ ನನ್ನ ಖೋಲಿಗೇ ಬಂದರು. ಹನ್ನೆರಡು ಸಂಸಾರಕ್ಕೆ ಒಂದೇ ನಳ ಇರುವ ವಾಡೆ ಅದು. ನನ್ನನ್ನು ಹುಡುಕಿಕೊಂಡು ಬಂದ ಮೊದಲಿಗರು ಅವರೇ. ಅವ್ವ ಕಟ್ಟಿಕೊಟ್ಟಿದ್ದ ಜೋಳದಿಂದ ಒಂದು ಕಾಳು ತೆಗೆದು, ನನ್ನ ಕೈ ಚಾಚಿಸಿ ಚಂದ್ರನಿಗೆ ಅಡ್ಡ ಹಿಡಿಸಿದರು. ಒಂದು ಕಣ್ಣು ಮುಚ್ಚಿದೆ. ಚಂದ್ರ ಹೆಚ್ಚೂಕಡಿಮೆ ಮರೆಯಾಯಿತು.

ಆಮೇಲೆ ಲೆಕ್ಕ ಕಲಿಸಿದರು. ಭಿಂಗ ಅಂದರೆ ದುರ್ಬೀನಿನ ಗಾಜು. ಅದರಿಂದ ಚಿತ್ರ ಮೂಡುವ ಜಾಗದವರೆಗಿನ ದೂರವನ್ನು ನೂರಾ ಹದಿನೈದರಿಂದ ಭಾಗಿಸಿದರೆ ಚಂದ್ರನ ಚಿತ್ರದ ಅಳತೆ. ಭಿಂಗ ಅಗಲವಾದರೆ ಬೆಳಕು ಹೆಚ್ಚೀತು, ಚಿತ್ರ ದೊಡ್ಡದಾಗದು.

ಅಷ್ಟರಲ್ಲಿ ನಾನು ಊರಿಗೆ ಕಾಗದ ಹಾಕಿಬಿಟ್ಟಿದ್ದೆ: ಅಂಗೈ ಅಗಲದ ಗಾಜು ತರುತ್ತೇನೆ, ಚಂದ್ರನನ್ನು ರೊಟ್ಟಿಯಷ್ಟು ಮಾಡಿ ಕಾಗದದ ಮೇಲೆ ಇಳಿಸುತ್ತೇನೆ. ಕಾಕಾ ನನಗಾಗಿ ತಾವೇ ತಿಕ್ಕಿದ ಭಿಂಗದ ದೂರ ನಲವತ್ತಾರು ಇಂಚು. ಎರಡು ಸಲ ಭಾಗಿಸಿದೆ. ಅರ್ಧ ಇಂಚೂ ಬರಲಿಲ್ಲ. ತಿದ್ದಿ ಇನ್ನೊಂದು ಕಾಗದ ಬರೆಯಲು ನಾಚಿಕೆಯಾಯಿತು.

ರಜೆಯಲ್ಲಿ ಊರಿಗೆ ಹೋದೆ. ಮುಸ್ಸಂಜೆ ನಮ್ಮ ಅಂಗಳದಲ್ಲಿ ಓಣಿಯೇ ನೆರೆದಿತ್ತು. ಭಿಂಗವನ್ನು ಕೋಲಿಗೆ ಕಟ್ಟಿ, ಹಿಂದೆ ಬಿಳಿ ಕಾಗದ ಹಿಡಿದೆ. ಚಂದ್ರ ಇಳಿಯಿತು, ಕಲೆಗಳ ಸಮೇತ, ಚೊಕ್ಕವಾಗಿ. ಕಡಲೆಕಾಳಿನಷ್ಟು.

ಪಕ್ಕದ ಮನೆಯ ಸಂಗಪ್ಪ ಮಾವ ಬಗ್ಗಿ ನೋಡಿದ. “ಏನಪಾ ತಮ್ಮಾ, ಪುಣೆದಾಗ ರೊಟ್ಟಿ ಇಷ್ಟ ಇರತಾವೇನು? ಅದಕ್ಕ ಇಷ್ಟು ಸೊರಗಿ ಬಂದೀ.”

ಸಾಲಿ ಮಾಸ್ತರು ಮಾತ್ರ ನಗದೆ ಕೇಳಿದರು. “ಮೊದಲ ಲೆಕ್ಕ ಹಾಕಿ ನೋಡಿದ್ದೇನು?”

ಹೌದು ಅನ್ನಬಹುದಿತ್ತು. “ಗಾಜು ತಿಕ್ಕಿದವ್ರು ಮುದುಕ್ರು ರೀ. ಕೆಡಿಸ್ಯಾರ,” ಅಂದೆ.

ಅವ್ವ ನಂಬಿದಳು. “ಪಾಪ, ಕಣ್ಣು ಮಂಜಾಗಿರಬೇಕು ಅವರಿಗೆ. ಬೈಬ್ಯಾಡ,” ಅಂದಳು. ಮರುದಿನ ಸವದತ್ತಿ ಎಲ್ಲಮ್ಮನ ಭಂಡಾರದ ಅರಿಶಿನ ಪುಡಿಯನ್ನು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟಳು. “ತಾಯಿ ಕಣ್ಣು ಕಾಯತಾಳ, ದಿನಾ ಹಚ್ಕೋರಿ ಅಂತ ಹೇಳು.”

ಪುಣೆಯಲ್ಲಿ ಕಾಕಾ ಬಾಗಿಲಲ್ಲೇ ಕೇಳಿದರು, “ದಿಸಲಾ ಕಾ ಚಂದ್ರ?” ಕಂಡಿತೇ ಅಂತ. ಕಂಡಿತು ಅಂದೆ. ಅವ್ವ ಕಳಿಸಿದ್ದು ಅಂತಷ್ಟೇ ಹೇಳಿ ಪೊಟ್ಟಣ ಕೊಟ್ಟೆ. ಈಗ ದಿನಾ ಬೆಳಿಗ್ಗೆ ಅದನ್ನು ಹಣೆಗೆ ಹಚ್ಚಿಕೊಂಡೇ ಕೆಲಸಕ್ಕೆ ಕೂರುತ್ತಾರೆ. ನಾನು ಎದುರಿಗೆ ಕೂರುತ್ತೇನೆ.

ಅವ್ವಾ, ಮಾಸ್ತರು ಇದನ್ನು ಓದಿ ಹೇಳುತ್ತಾರೆ, ಕೇಳು. ಕಾಕಾನ ಕಣ್ಣು ನೆಟ್ಟಗಿವೆ. ಗಾಜೂ ನೆಟ್ಟಗಿತ್ತು. ನಲವತ್ತಾರು ಇಂಚಿಗೆ ಚಂದ್ರ ಬರುವುದೇ ಅಷ್ಟು.

ಊರಿಗೆ ಇಷ್ಟು ಬರೆದೆ. ತಪ್ಪನ್ನು ಅವರ ಮೇಲೆ ಹಾಕಿದ್ದೆ ಅಂತ ಇಲ್ಲಿ ಕಾಕಾಗೆ ಇನ್ನೂ ಹೇಳಿಲ್ಲ. ನನ್ನ ಮರಾಠಿ ಈಗ ಎಷ್ಟೋ ಸುಧಾರಿಸಿದೆ, ಪೇಟೆಯಲ್ಲಿ ಜಗಳವನ್ನೂ ಆಡಬಲ್ಲೆ. ಇದೊಂದು ಮಾತು ಮಾತ್ರ ಬಾಯಿಗೆ ಬರುವುದಿಲ್ಲ.